ಇಂಗ್ಲಿಷಿನ ಕಿರುಧಾತುಗಳು ನಮ್ಮ ಶಾಲೆಗೆ ಬಂದ ಬಗೆ

ಕನ್ನಡನಾಡಿನ ಪ್ರೌಢಶಾಲೆಗಳಲ್ಲಿ ಓದಿದವರಲ್ಲಿ, ಅವರು ಯಾವ ತಲೆಮಾರಿನವರೇ ಆಗಿರಲಿ, ‘ಗೋ, ವೆಂಟ್, ಗಾನ್, ಟೇಕ್, ಟುಕ್, ಟೇಕನ್’ ಎಂಬ ಪಾಠವನ್ನು ಒಪ್ಪಿಸದೆ ಮುಂದಿನ ತರಗತಿಯನ್ನು ಸೇರಿದವರು ವಿರಳ. ಕ್ರಿಯಾಪದದ ಮೂರು ಮೂರು ರೂಪಗಳನ್ನು ಸಾಲಾಗಿ ಬರೆಯಿಸಿ, ಮಗ್ಗಿಯಂತೆ ಬಾಯಿಪಾಠ ಮಾಡಿಸುವ ಈ ಪದ್ಧತಿ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, ಇಂಗ್ಲಿಷನ್ನು ಕಲಿಯುವುದೆಂದರೆ ಆ ಪಟ್ಟಿಯನ್ನು ಕಲಿಯುವುದೇ ಎಂದು ಎಷ್ಟೋ ಮನೆಗಳಲ್ಲಿ ಹಿರಿಯರೂ ಕಿರಿಯರೂ ಸಮಾನವಾಗಿ ನಂಬಿದ್ದರು. ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಿದ ವಿದ್ಯಾರ್ಥಿಗೆ ‘ಟೇಕ್’ ಎಂಬುದರ ಭೂತಕಾಲದ ರೂಪ ಗೊತ್ತಿರುತ್ತಿತ್ತು. ಔಷಧವನ್ನು ಸೇವಿಸುವುದಕ್ಕೂ, ರೈಲು ಹತ್ತಿ ಹೋಗುವುದಕ್ಕೂ, ಮಗುವನ್ನು ಶಾಲೆಗೆ ಕರೆದೊಯ್ಯುವುದಕ್ಕೂ, ಒಂದು ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ ಎನ್ನುವುದಕ್ಕೂ ಇಂಗ್ಲಿಷರು ಅದೊಂದೇ ಪದವನ್ನು ಬಳಸುತ್ತಾರೆಂಬ ಸಂಗತಿ ಮಾತ್ರ ಅವನಿಗೆ ಗೊತ್ತಿರುತ್ತಿರಲಿಲ್ಲ. ರೂಪವನ್ನು ಕಲಿಸಿ ಅರ್ಥವನ್ನು ಕಲಿಸದೆ ಬಿಟ್ಟ ಈ ಕೊರತೆ ಹೇಗೆ ಉಂಟಾಯಿತು, ಅದನ್ನು ಮೊದಲು ಗುರುತಿಸಿದವರು ಯಾರು, ಅದನ್ನು ತುಂಬಲು ಅವರು ಮಾಡಿದ ಉದ್ಯಮವೇನು ಎಂಬುದನ್ನು ವಿಚಾರಿಸಲು ಹೊರಟಾಗ ನನಗೆ ಮುಖ್ಯವಾಗಿ ತೋರಿದ ಮಾತು ಒಂದಿದೆ: ಈ ಚರಿತ್ರೆಯ ದೊಡ್ಡ ಘಟ್ಟಗಳು ನಡೆದದ್ದು ಇಂಗ್ಲೆಂಡಿನ ವಿದ್ಯಾಪೀಠಗಳಲ್ಲಿ ಅಲ್ಲ, ಏಷ್ಯದ ಶಾಲಾಕೊಠಡಿಗಳಲ್ಲಿ.

ಮೊದಲು ಆ ಕ್ರಿಯಾಪದಗಳ ಸ್ವಭಾವವನ್ನು ಸ್ವಲ್ಪ ನೋಡಬೇಕು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಬಿ, ಹ್ಯಾವ್, ಡು, ಸೇ, ಮೇಕ್, ಗೋ, ಟೇಕ್, ಕಮ್, ಸೀ, ಗೆಟ್ ಎಂಬ ಹತ್ತೂ ಒಂದೇ ಉಸಿರಿನ ಕಿರುಪದಗಳು. ಹತ್ತೂ ಸಾಮಾನ್ಯ ನಿಯಮಕ್ಕೆ ಒಳಪಡದ ಭೂತರೂಪವುಳ್ಳವು. ಭಾಷೆಯ ಅತ್ಯಂತ ಪ್ರಾಚೀನ ಸ್ತರದಿಂದ ಇಳಿದುಬಂದ ಶಬ್ದಗಳು, ನಿತ್ಯ ನಾಲಗೆಯ ಮೇಲೆ ಆಡುತ್ತಿರುವ ಕಾರಣದಿಂದಲೇ, ತಮ್ಮ ಹಳೆಯ ರೂಪವನ್ನು ಉಳಿಸಿಕೊಂಡು ಬಂದಿವೆ. ಅವುಗಳಲ್ಲಿ ‘ಟೇಕ್’ ಮತ್ತು ‘ಗೆಟ್’ ಎಂಬೆರಡು ಸ್ಕ್ಯಾಂಡಿನೇವಿಯದ ಆಕ್ರಮಣಕಾರರೊಡನೆ ಬಂದು ನೆಲಸಿದವು. ಆಂಗ್ಲೋ-ಸ್ಯಾಕ್ಸನ್ನರು ಅದೇ ಅರ್ಥದಲ್ಲಿ ಬಳಸುತ್ತಿದ್ದ ‘ನಿಮನ್’ ಎಂಬ ಸ್ವಂತ ಧಾತುವನ್ನು ‘ಟೇಕ್’ ಹೊರದೂಡಿತು. ಒಂದು ಜನಾಂಗ ತನ್ನ ನೆರೆಯವರಿಂದ ನಾಮಪದಗಳನ್ನು ಎರವಲು ಪಡೆಯುವುದು ಲೋಕಸಾಮಾನ್ಯ. ‘ತೆಗೆದುಕೊ’ ಎಂಬಂತಹ ಮೂಲಕ್ರಿಯೆಯನ್ನೇ ಪಡೆದುಕೊಳ್ಳಬೇಕಾದರೆ ಆ ಎರಡು ಜನ ಒಂದೇ ಊರಿನಲ್ಲಿ, ಪ್ರಾಯಶಃ ಒಂದೇ ಮನೆಯಲ್ಲಿ, ಬಾಳಿ ಬದುಕಿರಬೇಕು. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಕ್ರಿಯಾಪದಗಳು ರಾಜಸಭೆ, ನ್ಯಾಯಸ್ಥಾನ, ಮಠ, ಪಾಠಶಾಲೆಗಳ ಬಾಗಿಲಿನಿಂದ ಹೊಳೆಯಾಗಿ ಹರಿದುಬಂದವು. ಹೀಗೆ ಒಂದೇ ಅರ್ಥಕ್ಕೆ ಎರಡು ಬಗೆಯ ಮಾತು ಸಿದ್ಧವಾಯಿತು: ಬರೆಹದಲ್ಲಿ ‘ಪೋಸ್ಟ್‌ಪೋನ್’, ಮಾತಿನಲ್ಲಿ ‘ಪುಟ್ ಆಫ್’, ಬರೆಹದಲ್ಲಿ ‘ಟಾಲರೇಟ್’, ಮಾತಿನಲ್ಲಿ ‘ಪುಟ್ ಅಪ್ ವಿತ್’, ಬರೆಹದಲ್ಲಿ ‘ಅಬ್ಟೇನ್’, ಮಾತಿನಲ್ಲಿ ಬರಿಯ ‘ಗೆಟ್’.

ಈ ಕಿರುಧಾತುಗಳ ಅರ್ಥಬಾಹುಳ್ಯ ಇಂಗ್ಲಿಷಿನ ಕೋಶಕಾರರನ್ನೂ ದಣಿಸಿತ್ತು. 1755ರಲ್ಲಿ ತನ್ನ ಮಹಾಕೋಶವನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ‘ಟೇಕ್’ ಎಂಬುದೊಂದಕ್ಕೇ ನೂರಮೂವತ್ತಕ್ಕೂ ಮಿಗಿಲಾಗಿ ಅರ್ಥಗಳನ್ನು ವಿಂಗಡಿಸಿದನು. ಇಂತಹ ಕ್ರಿಯಾಪದಗಳ ಅರ್ಥದ ಸೀಮೆಯನ್ನು ಗೊತ್ತುಮಾಡುವುದು ಎಷ್ಟು ದುಸ್ತರವೆಂಬುದನ್ನು ಪೀಠಿಕೆಯಲ್ಲಿ ತೋಡಿಕೊಂಡನು. ಆಕ್ಸ್‌ಫರ್ಡಿನ ಬೃಹತ್ಕೋಶದ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ ನಾನೂರಮೂವತ್ತರಷ್ಟು ಅರ್ಥಗಳು ದಾಖಲೆಯಾಗಿವೆ. ಕನ್ನಡಿಗನಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇರಬೇಕಾಗಿಲ್ಲ. ಬೀಗವನ್ನೂ ಹಾಕುವ, ಲೆಕ್ಕವನ್ನೂ ಹಾಕುವ, ದನಕ್ಕೆ ಮೇವನ್ನೂ ಹಾಕುವ, ಅರ್ಜಿಯನ್ನೂ ಹಾಕುವ ಜನ ನಾವು; ಬಸ್ಸನ್ನೂ ಹಿಡಿಯುತ್ತೇವೆ, ಹಟವನ್ನೂ ಹಿಡಿಯುತ್ತೇವೆ, ನೆಗಡಿ ನಮ್ಮನ್ನು ಹಿಡಿಯುತ್ತದೆ. ಮಳೆ ಬೀಳುತ್ತದೆ, ಬೆಲೆ ಬೀಳುತ್ತದೆ, ಕನಸೂ ಬೀಳುತ್ತದೆ. ‘ಧಾತುಗಳು ಅನೇಕಾರ್ಥವುಳ್ಳವು’ ಎಂಬುದು ನಮ್ಮ ವೈಯಾಕರಣರಿಗೆ ಪರಂಪರೆಯಿಂದ ಬಂದ ತಿಳಿವಳಿಕೆ. ಆದರೂ ಇಂಗ್ಲಿಷಿನ ಧಾತುವನ್ನು ನಮ್ಮ ಶಾಲೆಗಳು ಏಕಾರ್ಥಿಯಾಗಿಯೇ ಕಲಿಸಿದವು. ‘ಗೋ ಎಂದರೆ ಹೋಗು, ಪುಟ್ ಎಂದರೆ ಇಡು’ ಎಂಬಲ್ಲಿಗೆ ಪಾಠ ಮುಗಿಯುತ್ತಿತ್ತು.

ಇದಕ್ಕೆ ಎರಡು ಕಾರಣಗಳು ಕೂಡಿಬಂದವೆಂದು ನನ್ನ ತಿಳಿವಳಿಕೆ. ಒಂದು ನಮ್ಮ ಸ್ವಂತ ವಿದ್ಯಾಸಂಪ್ರದಾಯದ್ದು. ಪಾಣಿನೀಯ ಧಾತುಪಾಠದಲ್ಲಿ ಸುಮಾರು 2000 ಧಾತುಗಳು ಹತ್ತು ಗಣಗಳಾಗಿ ನಿಂತಿವೆ. ಪ್ರತಿಯೊಂದರ ಎದುರಿಗೂ ಸಾಮಾನ್ಯವಾಗಿ ಒಂದೇ ಅರ್ಥಸೂಚನೆ. ಕೇಶಿರಾಜನೂ ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಇದೇ ಬಗೆಯಲ್ಲಿ ಸಂಗ್ರಹಿಸಿಟ್ಟನು. ಮೊದಲು ಕಂಠಸ್ಥ ಮಾಡಿ, ಅರ್ಥದ ವಿಸ್ತಾರವನ್ನು ಮುಂದೆ ಕಾವ್ಯವ್ಯಾಸಂಗದಿಂದ ಪಡೆಯಬೇಕೆಂಬುದು ಆ ಕ್ರಮ. ಗುರುವಿನ ಬಳಿ ದೀರ್ಘಕಾಲ ಇದ್ದು, ಕಾವ್ಯದಿಂದ ಕಾವ್ಯಕ್ಕೆ ಸಾಗುವ ವಿದ್ಯಾರ್ಥಿಗೆ ಆ ವಿಸ್ತಾರ ದೊರೆಯುತ್ತಿತ್ತು. ಅದೇ ಅಭ್ಯಾಸವನ್ನು ಇಂಗ್ಲಿಷಿಗೆ ಹೂಡಿದಾಗ ಪೂರ್ವಾರ್ಧವಾದ ಕಂಠಪಾಠವಷ್ಟೇ ಕೈಗೆ ಹತ್ತಿತು. ಉತ್ತರಾರ್ಧಕ್ಕೆ ಬೇಕಾದ ಓದಾಗಲಿ, ಸಂಭಾಷಣೆಯಾಗಲಿ ಬಹುಪಾಲು ಮಕ್ಕಳಿಗೆ ಎಂದೂ ಒದಗಲಿಲ್ಲ.

ಎರಡನೆಯ ಕಾರಣ, ಇಂಗ್ಲಿಷ್ ನಮ್ಮಲ್ಲಿಗೆ ಬಂದ ದಾರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಬೆಂಗಳೂರಿನಲ್ಲಿ 1858ರಲ್ಲಿ ಸ್ಥಾಪಿತವಾದ ಹೈಸ್ಕೂಲು ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. ಮದರಾಸು ಮತ್ತು ಮುಂಬಯಿಗಳಲ್ಲಿ 1857ರಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದ ಮೇಲೆ, ಮೈಸೂರು ಸೀಮೆಯ ಹುಡುಗರು ಮದರಾಸಿನ ಮೆಟ್ರಿಕ್ಯುಲೇಷನ್ನಿಗೂ ಧಾರವಾಡ ಬೆಳಗಾವಿಗಳವರು ಮುಂಬಯಿಯದಕ್ಕೂ ಕಟ್ಟುಬಿದ್ದರು. ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯ ದೊರೆತದ್ದು 1916ರಲ್ಲಿ. ಈ ಶಾಲೆಗಳಿಗೆ ಹೋದವನು ಇಂಗ್ಲಿಷನ್ನು ಕಂಡದ್ದು ಪಠ್ಯದಲ್ಲಿ, ಪರೀಕ್ಷೆಯಲ್ಲಿ, ಕಚೇರಿಯ ಕಾಗದಪತ್ರಗಳಲ್ಲಿ. ಇಂಗ್ಲಿಷರ ಅಡುಗೆಮನೆಯಲ್ಲಾಗಲಿ ಸಂತೆಯಲ್ಲಾಗಲಿ ಅಲ್ಲ. ನಿಘಂಟಿನ ಸಹಾಯವೂ ಅವನಿಗೆ ತಕ್ಕಂತಿರಲಿಲ್ಲ. ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಹೊರತಂದನು; ಕಿಟ್ಟೆಲರ ಮಹತ್ಕೃತಿ 1894ರಲ್ಲಿ ಬಂದಿತು. ಕನ್ನಡಕ್ಕೆ ಅವರಿತ್ತ ಕಾಣಿಕೆ ಅಪಾರವಾದುದು; ಆದರೆ ಅವರ ದುಡಿಮೆಯ ಹಿಂದೆ ಇದ್ದ ಮುಖ್ಯ ಅಗತ್ಯ ಕನ್ನಡವನ್ನು ಕಲಿಯಹೊರಟ ಪರದೇಶೀಯನದು, ಇಂಗ್ಲಿಷ್ ಕಲಿಯುವ ಕನ್ನಡದ ಬಾಲಕನದಲ್ಲ.

ವ್ಯಾಕರಣಗ್ರಂಥಗಳೂ ಇದೇ ಜಾತಿಯವು. 1795ರಲ್ಲಿ ಯಾರ್ಕ್ ನಗರದ ಬಳಿ ನೆಲಸಿದ್ದ ಲಿಂಡ್ಲಿ ಮರ್ರೆ ಎಂಬ ಅಮೆರಿಕದವನು ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ಬರೆದ ಇಂಗ್ಲಿಷ್ ವ್ಯಾಕರಣ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಕಲಿಸುವ ಕಡೆಗಳಲ್ಲೆಲ್ಲ ಹರಡಿತು. ಅದರ ಚೌಕಟ್ಟು ಲ್ಯಾಟಿನ್ನಿನದು. ಆ ಶತಮಾನದ ಕೊನೆಗೆ ಉತ್ತರಭಾರತದ ವಿದ್ಯಾ ಇಲಾಖೆಯಲ್ಲಿದ್ದ ನೆಸ್‌ಫೀಲ್ಡನ ವ್ಯಾಕರಣವೂ, 1930ರ ದಶಕದಲ್ಲಿ ಮುಂಬಯಿಯಿಂದ ಹೊರಟ ರೆನ್ ಮತ್ತು ಮಾರ್ಟಿನ್ನರ ಪುಸ್ತಕವೂ ನಮ್ಮ ಹುಡುಗರ ಕೈಸೇರಿದವು. ಪದಪರಿಚ್ಛೇದ, ವಾಕ್ಯವಿಭಜನೆ, ಕಾಲ, ಪ್ರಯೋಗ ಇವುಗಳಲ್ಲಿ ಅವು ಗಟ್ಟಿಯಾದ ಪುಸ್ತಕಗಳು. ಅವುಗಳಿಂದ ಶಿಸ್ತನ್ನು ಕಲಿತವರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಗೆಟ್ ಅಪ್’, ‘ಪುಟ್ ಆನ್’, ‘ಲುಕ್ ಆಫ್ಟರ್’ ಎಂಬ ಜೋಡಿಗಳಿಗೆ ಇಂದು ರೂಢಿಯಲ್ಲಿರುವ ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಹೆನ್ರಿ ಬ್ರಾಡ್ಲಿಯ ಸೂಚನೆಯಂತೆ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಗ್ರಂಥದಲ್ಲಿ ಬಳಸಿ ಪ್ರಚಾರಕ್ಕೆ ತಂದದ್ದು 1925ರಲ್ಲಿ. ಆ ವೇಳೆಗೆ ನಮ್ಮ ನಾಡಿನಲ್ಲಿ ಇಂಗ್ಲಿಷ್ ಬೋಧನೆಗೆ ತೊಂಬತ್ತು ವರ್ಷ ಮೀರಿತ್ತು.

ಇದರ ಗುರುತು ಕನ್ನಡದ ಮೈಮೇಲೆಯೇ ಉಳಿದಿದೆ. ನಾವು ಇಂಗ್ಲಿಷಿನ ಕ್ರಿಯಾಪದಗಳಿಗೆ ‘ಮಾಡು’ ಎಂಬುದನ್ನು ಹಚ್ಚಿ ಧಾರಾಳವಾಗಿ ಬಳಸುತ್ತೇವೆ: ಅಪ್ಲೈ ಮಾಡು, ಅಪಾಯಿಂಟ್ ಮಾಡು, ಟ್ರಾನ್ಸ್‌ಫರ್ ಮಾಡು, ಸಸ್ಪೆಂಡ್ ಮಾಡು, ರಿಸೀವ್ ಮಾಡು. ಇವು ಕಚೇರಿಯ ಮಾತುಗಳು. ಹೆಚ್ಚಿನವು ಲ್ಯಾಟಿನ್ ಕುಲದವು. ‘ಗೆಟ್ ಮಾಡು’, ‘ಪುಟ್ ಮಾಡು’, ‘ಗಿವ್ ಮಾಡು’ ಎಂದು ಯಾರೂ ಅನ್ನುವುದಿಲ್ಲ. ಆ ಕೆಲಸಗಳಿಗೆ ನಮ್ಮವೇ ಆದ ಹಳೆಯ ಧಾತುಗಳಿದ್ದವಾದ್ದರಿಂದ ಬೇರೆಯವು ಬೇಕಾಗಲಿಲ್ಲ ಎಂಬುದು ನಿಜ. ಇಂಗ್ಲಿಷ್ ನಮಗೆ ಮೇಜಿನ ಆಚೆಯಿಂದ ಮಾತನಾಡಿತೇ ಹೊರತು ಪಕ್ಕದಲ್ಲಿ ಕುಳಿತು ಮಾತನಾಡಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಕೊರತೆಯನ್ನು ಮಕ್ಕಳ ಮುಖದಲ್ಲಿ ಓದಿದವರಲ್ಲಿ ಮೊದಲಿಗನೆಂದು ನಾನು ಎಣಿಸುವುದು ಮೈಕೇಲ್ ವೆಸ್ಟ್ ಎಂಬ ಆಂಗ್ಲ ಅಧ್ಯಾಪಕನನ್ನು. 1888ರಲ್ಲಿ ಹುಟ್ಟಿದ ಈತನು ಇಂಡಿಯನ್ ಎಜುಕೇಷನ್ ಸರ್ವಿಸನ್ನು ಸೇರಿ ಬಂಗಾಳಕ್ಕೆ ಬಂದು, ಢಾಕಾದ ಅಧ್ಯಾಪಕರ ಶಿಕ್ಷಣ ಕಾಲೇಜಿನ ಪ್ರಾಂಶುಪಾಲನಾದನು. ಅಲ್ಲಿ ಅವನು ಕಂಡದ್ದು ನಮಗೂ ಚೆನ್ನಾಗಿ ಪರಿಚಿತವಾದ ದೃಶ್ಯವೇ: ಹಲವು ವರ್ಷ ಇಂಗ್ಲಿಷ್ ಕಲಿತು ಶಾಲೆಯನ್ನು ಬಿಟ್ಟ ಹುಡುಗನು ಒಂದು ಸರಳವಾದ ಪುಸ್ತಕವನ್ನೂ ತಾನಾಗಿ ಓದಲಾರನು. ಬಹುಪಾಲು ಮಕ್ಕಳು ಶಿಕ್ಷಣವನ್ನು ಕೊನೆಮುಟ್ಟಿಸದೆ ನಡುವೆಯೇ ಬಿಡುವವರಾಗಿದ್ದರಿಂದ, ವೆಸ್ಟನು ವಿಮಾವ್ಯವಹಾರದಿಂದ ಒಂದು ಕಲ್ಪನೆಯನ್ನು ತಂದುಕೊಂಡನು. ವಿಮೆಯ ಕಂತನ್ನು ಕಟ್ಟುತ್ತ ಬಂದವನು ಅವಧಿಗೆ ಮುನ್ನ ಅದನ್ನು ಬಿಟ್ಟುಕೊಟ್ಟರೂ ಕೈಗೆ ಇಷ್ಟು ಹಣವೆಂದು ಬರುತ್ತದಷ್ಟೆ. ಹಾಗೆಯೇ ಎರಡನೆಯ ವರ್ಷ ಶಾಲೆ ಬಿಟ್ಟ ಬಾಲಕನಿಗೂ, ನಾಲ್ಕನೆಯ ವರ್ಷ ಬಿಟ್ಟವನಿಗೂ ಅವರವರ ಶ್ರಮಕ್ಕೆ ತಕ್ಕ ಫಲ ಕೈಯಲ್ಲಿ ಉಳಿಯಬೇಕು ಎಂಬುದು ಅವನ ಹಟ. ಬಡವರ ಮಕ್ಕಳ ವಿಷಯದಲ್ಲಿ ಇಷ್ಟು ನ್ಯಾಯವಾದ ಮಾತನ್ನು ಆಡಿದ ವಿದ್ಯಾಧಿಕಾರಿಗಳು ಆ ಕಾಲದಲ್ಲಿ ವಿರಳರು.

ತನ್ನ ವಿಚಾರಗಳನ್ನು ಅವನು 1926ರಲ್ಲಿ ಬಂಗಾಳದ ದ್ವಿಭಾಷಾಸ್ಥಿತಿಯನ್ನು ಕುರಿತ ವರದಿಯೊಂದರಲ್ಲಿ ಬರೆದನು. ಮೊದಲು ಓದುವ ಶಕ್ತಿ ಬರಲಿ, ಮಾತು ಅದರ ಹಿಂದೆ ಬರಲಿ ಎಂಬುದು ಅದರ ಸಾರ. ಬಳಕೆಯಲ್ಲಿದ್ದ ಪಠ್ಯಗಳನ್ನು ಪರೀಕ್ಷಿಸಿದಾಗ ಅವನಿಗೆ ಎರಡು ದೋಷಗಳು ಕಂಡವು. ದಿನಬಳಕೆಯಿಂದ ಎಂದೋ ಮರೆಯಾದ ಕಾವ್ಯಪದಗಳು ಚಿಕ್ಕ ಮಕ್ಕಳ ಪಾಠಗಳಲ್ಲಿ ತುಂಬಿದ್ದವು. ಮತ್ತು ಹೊಸ ಪದಗಳು ಒಂದರ ಬೆನ್ನಿಗೊಂದು ಬಂದು, ಯಾವುದೂ ಮನಸ್ಸಿನಲ್ಲಿ ನೆಲೆಯೂರುವಷ್ಟು ಸಾರಿ ಮರಳಿ ಬರುತ್ತಿರಲಿಲ್ಲ. ಅವನು ಸಿದ್ಧಪಡಿಸಿದ ‘ನ್ಯೂ ಮೆಥಡ್’ ವಾಚಿಕೆಗಳಲ್ಲಿ ಸುಮಾರು ಐವತ್ತು ಅರವತ್ತು ಪದಗಳ ಓಟಕ್ಕೆ ಒಂದೇ ಒಂದು ಹೊಸ ಪದ ತಲೆಹಾಕುತ್ತಿತ್ತು. ಒಮ್ಮೆ ಬಂದುದು ಮತ್ತೆ ಮತ್ತೆ ಬೇರೆ ಬೇರೆ ಸಂದರ್ಭಗಳಲ್ಲಿ ತೋರುತ್ತಿತ್ತು. ಹೀಗೆ ಅಳೆದು ತೂಗಿ ಪದಗಳನ್ನು ಆರಿಸತೊಡಗಿದರೆ ಬಳಕೆಯ ಕಿರುಧಾತುಗಳು ತಾವಾಗಿಯೇ ಮೇಲಕ್ಕೆ ಬರುತ್ತವೆ. 1935ರಲ್ಲಿ ಅವನು ಎಂಡಿಕಾಟನೊಡನೆ ಪ್ರಕಟಿಸಿದ ಚಿಕ್ಕ ಕೋಶವು 24,000 ಶಬ್ದಗಳನ್ನೂ ನುಡಿಗಟ್ಟುಗಳನ್ನೂ ಬರಿಯ 1,490 ಪದಗಳ ಬಲದಿಂದ ವಿವರಿಸಿತು. ಕಲಿಯುವವನಿಗೆ ಗೊತ್ತಿರುವ ಪದಗಳಿಂದಲೇ ಗೊತ್ತಿಲ್ಲದುದನ್ನು ತಿಳಿಸಬೇಕೆಂಬ ಆ ನಿಯಮ ಇಂದು ಎಲ್ಲರಿಗೂ ಸಹಜವಾಗಿ ತೋರಬಹುದು. ಅದು ರೂಪುಗೊಂಡದ್ದು ಢಾಕಾದ ಅನುಭವದಿಂದ.

ಅದೇ ವರ್ಷಗಳಲ್ಲಿ ಕೇಂಬ್ರಿಜ್ಜಿನ ಸಿ. ಕೆ. ಆಗ್ಡನ್ ಇನ್ನೊಂದು ದಿಕ್ಕಿನಿಂದ ಅಲ್ಲಿಗೇ ಬಂದನು. 1930ರಲ್ಲಿ ಅವನು ಪ್ರಕಟಿಸಿದ ‘ಬೇಸಿಕ್ ಇಂಗ್ಲಿಷ್’ 850 ಪದಗಳದು. ಅದರಲ್ಲಿ ಕ್ರಿಯಾವಾಚಕಗಳು ಹದಿನೆಂಟೇ: ಕಮ್, ಗೆಟ್, ಗಿವ್, ಗೋ, ಕೀಪ್, ಲೆಟ್, ಮೇಕ್, ಪುಟ್, ಸೀಮ್, ಟೇಕ್, ಬಿ, ಡು, ಹ್ಯಾವ್, ಸೇ, ಸೀ, ಸೆಂಡ್, ಇವುಗಳೊಡನೆ ಮೇ ಮತ್ತು ವಿಲ್. ಇವಕ್ಕೆ ಇನ್, ಔಟ್, ಅಪ್, ಆಫ್ ಮುಂತಾದ ದಿಕ್ಸೂಚಕಗಳನ್ನು ಜೋಡಿಸಿದರೆ ಸಾವಿರಾರು ದೊಡ್ಡ ಕ್ರಿಯಾಪದಗಳ ಕೆಲಸ ನಡೆಯುತ್ತದೆಂದು ಅವನ ವಾದ. ‘ಎಂಟರ್’ ಬೇಡ, ‘ಗೋ ಇನ್’ ಸಾಕು. 1943ರಲ್ಲಿ ಹಾರ್ವರ್ಡಿನಲ್ಲಿ ಮಾತನಾಡುತ್ತ ಚರ್ಚಿಲ್ ಇದನ್ನು ಕೊಂಡಾಡಿದ್ದುಂಟು. ಯೋಜನೆ ಬುದ್ಧಿಶಾಲಿಯಾದದ್ದು, ಆದರೆ ಅಧ್ಯಾಪಕನ ಕೈಯ ಕೆಲಸವಲ್ಲ. ‘ಗಿವ್’ ಬಲ್ಲವನಿಗೂ ‘ಅಪ್’ ಬಲ್ಲವನಿಗೂ ‘ಗಿವ್ ಅಪ್’ ಎಂದರೆ ಕೈಬಿಡುವುದೆಂದು ತಾನಾಗಿ ಹೊಳೆಯದು. ಅಂತಹ ಒಂದೊಂದು ಜೋಡಿಯನ್ನೂ ಹೊಸ ಪದವೆಂದೇ ಕಲಿಯಬೇಕು. ಆಗ ಆ ಎಂಟುನೂರೈವತ್ತು ಎಷ್ಟೋ ಮಡಿ ಬೆಳೆಯುತ್ತದೆ. ಈ ಆಕ್ಷೇಪವನ್ನು ಎತ್ತಿದವರಲ್ಲಿ ವೆಸ್ಟನೇ ಮುಂದಾಳು.

ಮೂರನೆಯ ಧಾರೆ ಜಪಾನಿನದು. ಬೆಲ್ಜಿಯಂ ದೇಶದಲ್ಲಿ ಭಾಷಾಶಾಲೆ ನಡೆಸುತ್ತಿದ್ದು, 1914ರ ಯುದ್ಧದಿಂದ ಇಂಗ್ಲೆಂಡಿಗೆ ಮರಳಿ ಲಂಡನ್ನಿನಲ್ಲಿ ಉಪನ್ಯಾಸಕನಾಗಿದ್ದ ಹೆರಾಲ್ಡ್ ಪಾಮರನು, ಸಾವಾಯಾನಗಿ ಮಾಸತಾರೋ ಎಂಬ ವಿದ್ಯಾತಜ್ಞನ ಆಹ್ವಾನದಂತೆ 1922ರಲ್ಲಿ ಟೋಕಿಯೋಗೆ ಹೋಗಿ ಜಪಾನೀ ವಿದ್ಯಾಖಾತೆಯ ಭಾಷಾಸಲಹೆಗಾರನಾದನು; ಮರುವರ್ಷ ಇಂಗ್ಲಿಷ್ ಬೋಧನೆಯ ಸಂಶೋಧನಾಸಂಸ್ಥೆ ಅಲ್ಲಿ ಸ್ಥಾಪಿತವಾಯಿತು. ಪಾಮರನ ದೃಷ್ಟಿಯಲ್ಲಿ ಕ್ರಿಯಾಪದವನ್ನು ಕಲಿಯುವ ಸಹಜಮಾರ್ಗ ಕ್ರಿಯೆಯೇ. ‘ಪುಸ್ತಕವನ್ನು ತೆಗೆದುಕೋ, ಮೇಜಿನ ಮೇಲೆ ಇಡು, ಬಾಗಿಲ ಬಳಿಗೆ ಹೋಗು, ಹಿಂದಿರುಗಿ ಬಾ’ ಎಂದು ಅಧ್ಯಾಪಕನು ಇಂಗ್ಲಿಷಿನಲ್ಲಿ ಹೇಳುವುದು, ಮಗು ಮಾತನಾಡದೆ ಹಾಗೆ ಮಾಡುವುದು; ಹೀಗೆ ಕಿವಿಯಿಂದ ಕೈಗೆ, ಕಾಲಿಗೆ ಅರ್ಥ ಇಳಿದ ಮೇಲೆ ನಾಲಗೆಯ ಸರದಿ. ಈ ಪದ್ಧತಿಯನ್ನು ವಿವರಿಸುವ ಪುಸ್ತಕವನ್ನು ಅವನು ಮಗಳೊಡನೆ ಕೂಡಿ 1925ರಲ್ಲಿ ಹೊರತಂದನು. ಮುಂದೆ 1938ರಲ್ಲಿ ಒಂದು ಸಾವಿರ ಸಾಮಾನ್ಯ ಪದಗಳನ್ನಷ್ಟೇ ಎತ್ತಿಕೊಂಡು, ಒಂದೊಂದರ ಅರ್ಥಗಳನ್ನೂ ವಾಕ್ಯದಲ್ಲಿ ಅದು ನಡೆದುಕೊಳ್ಳುವ ರೀತಿಗಳನ್ನೂ ಬಿಡಿಸಿಟ್ಟ ಕೃತಿಯನ್ನು ಪ್ರಕಟಿಸಿದನು. ಕಠಿಣವಾದ ಪದಗಳಿಗೆ ಕೋಶವಿರಬೇಕೆಂಬುದು ಲೋಕದ ರೂಢಿ. ಸುಲಭವೆಂದು ಎಲ್ಲರೂ ದಾಟಿಹೋಗುವ ಪದಗಳಿಗೇ ಕೋಶ ಬೇಕೆಂದು ಕಂಡದ್ದು ಪಾಮರನ ಹಿರಿಮೆ.

ಅವನ ಕೆಲಸವನ್ನು ಮುಂದುವರಿಸಿದವನು ಎ. ಎಸ್. ಹಾರ್ನ್‌ಬಿ. 1924ರಲ್ಲಿ ಜಪಾನಿಗೆ ಹೋಗಿ ಓಯಿತಾ ಎಂಬ ಪಟ್ಟಣದ ವಾಣಿಜ್ಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಈತನು, ಗೇಟನ್‌ಬಿ ಮತ್ತು ವೇಕ್‌ಫೀಲ್ಡರೊಡನೆ ಸೇರಿ, ವಿದೇಶೀಯ ವಿದ್ಯಾರ್ಥಿಗಾಗಿಯೇ ಒಂದು ಕೋಶವನ್ನು ರಚಿಸಿದನು. ಅದರ ಹೃದಯವೆನ್ನಬಹುದಾದದ್ದು ಕ್ರಿಯಾಪದಗಳನ್ನು 25 ವಾಕ್ಯಮಾದರಿಗಳಾಗಿ ವಿಂಗಡಿಸಿದ ಪಟ್ಟಿ. ‘ಐ ವಾಂಟ್ ಹಿಮ್ ಟು ಕಮ್’ ಎಂಬುದು ಸರಿಯಾದರೆ ‘ಐ ಸಜೆಸ್ಟ್ ಹಿಮ್ ಟು ಕಮ್’ ಎಂಬುದು ಏಕೆ ತಪ್ಪು? ‘ಗಿವ್ ಮಿ’ ಸಾಧುವಾದರೆ ‘ಎಕ್ಸ್‌ಪ್ಲೇನ್ ಮಿ’ ಏಕೆ ಅಸಾಧು? ‘ನನಗೆ ಕೊಡು, ನನಗೆ ವಿವರಿಸು’ ಎಂದು ಎರಡನ್ನೂ ಒಂದೇ ವಿಭಕ್ತಿಯಲ್ಲಿ ನುಡಿಯುವ ಕನ್ನಡಿಗನು ಈ ಜಾಗದಲ್ಲಿ ಜಾರುವುದು ಅವನ ಬುದ್ಧಿಮಾಂದ್ಯದಿಂದಲ್ಲ, ತನ್ನ ಭಾಷೆಯ ಸಂಸ್ಕಾರದಿಂದ. ಇದಕ್ಕೆ ತರ್ಕದಿಂದ ಉತ್ತರ ಹೇಳಲಾಗದು. ಪ್ರತಿಯೊಂದು ಕ್ರಿಯಾಪದವೂ ತನ್ನ ಸುತ್ತ ಯಾವ ಪದಗಳನ್ನು ಯಾವ ಕ್ರಮದಲ್ಲಿ ಸೇರಿಸಿಕೊಳ್ಳುತ್ತದೆಂಬುದನ್ನು ತೋರಿಸಿಕೊಡಬೇಕು. ಹಾರ್ನ್‌ಬಿ ಅದನ್ನು ತೋರಿಸಿಕೊಟ್ಟನು. ಕೋಶ ಟೋಕಿಯೋದಲ್ಲಿ ಪ್ರಕಟವಾದದ್ದು 1942ರಲ್ಲಿ. ಜಪಾನಿಗೂ ಬ್ರಿಟನ್ನಿಗೂ ಯುದ್ಧ ಹತ್ತಿದ್ದರಿಂದ ಅದೇ ವರ್ಷ ಅವನು ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಎರಡು ದೇಶಗಳು ಪರಸ್ಪರ ಹಡಗುಗಳನ್ನು ಮುಳುಗಿಸುತ್ತಿದ್ದ ಆ ವರ್ಷದಲ್ಲಿ, ಶತ್ರುಭಾಷೆಯ ಕೋಶವೊಂದನ್ನು ಟೋಕಿಯೋದ ಪ್ರಕಾಶಕರು ಅಚ್ಚಿಗೆ ಕೊಟ್ಟರೆಂಬುದು ವಿದ್ಯೆಯ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಆ ಟೋಕಿಯೋ ಪುಟಗಳನ್ನೇ ಛಾಯಾಮುದ್ರಣ ಮಾಡಿ ಹೊರತಂದಿತು. ಕನ್ನಡನಾಡಿನ ಕಾಲೇಜು ವಿದ್ಯಾರ್ಥಿಗಳೂ ಬಳಸುತ್ತ ಬಂದಿರುವ ‘ಅಡ್ವಾನ್ಸ್ಡ್ ಲರ್ನರ್ಸ್’ ಕೋಶ ಅದರದೇ ಸಂತತಿ.

ಈ ಧಾರೆಗಳು ಒಂದೆಡೆ ಸೇರಿದ್ದು 1953ರಲ್ಲಿ ವೆಸ್ಟನ ಸಂಪಾದಕತ್ವದಲ್ಲಿ ಬಂದ ಸುಮಾರು 2000 ಪದಗಳ ಪಟ್ಟಿಯಲ್ಲಿ. 1934ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಪದಚಯನದ ಸಮ್ಮೇಳನದಲ್ಲಿ ವೆಸ್ಟನೂ ಪಾಮರನೂ ಭಾಗವಹಿಸಿದ್ದರು. ಅಲ್ಲಿಂದ ಹೊರಟ ಶ್ರಮದ ಫಲ ಇದು. ಐವತ್ತು ಲಕ್ಷ ಪದಗಳ ಬರೆಹವನ್ನು ಎಣಿಸಿ, ಪದಗಳ ಬಳಕೆಯ ಪ್ರಮಾಣವನ್ನಷ್ಟೇ ಅಲ್ಲದೆ, ಒಂದು ಪದದ ಹಲವು ಅರ್ಥಗಳಲ್ಲಿ ಯಾವುದು ನೂರಕ್ಕೆ ಎಷ್ಟು ಸಾರಿ ಬರುತ್ತದೆಂಬುದನ್ನೂ ಅಲ್ಲಿ ಕೊಡಲಾಯಿತು. ಜಾನ್ಸನ್ ‘ಟೇಕ್’ನ ಅರ್ಥಗಳನ್ನು ಸಾಲುಗೂಡಿಸಿದ್ದನು, ಅವುಗಳಲ್ಲಿ ಯಾವುದನ್ನು ಮೊದಲು ಕಲಿಸಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದು ಹಳ್ಳಿಯ ಅಧ್ಯಾಪಕನಿಗೆ ತಿಳಿಯುವಂತಾದದ್ದು ಇನ್ನೂರು ವರ್ಷಗಳ ತರುವಾಯ.

ಸ್ವತಂತ್ರಭಾರತದಲ್ಲಿ ಇದರ ಪ್ರಸಾರಕ್ಕೆ ಸಂಸ್ಥೆಗಳು ಹುಟ್ಟಿಕೊಂಡವು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾಯಿತು. ಕನ್ನಡದ ಕವಿ ವಿ. ಕೃ. ಗೋಕಾಕರು ಕೆಲಕಾಲ ಅದರ ನಿರ್ದೇಶಕರಾಗಿದ್ದರು. ಬಿ. ಎಂ. ಶ್ರೀಕಂಠಯ್ಯ, ಎಸ್. ವಿ. ರಂಗಣ್ಣ, ಎ. ಎನ್. ಮೂರ್ತಿರಾವ್ ಇವರಂತೆ ಗೋಕಾಕರೂ ಇಂಗ್ಲಿಷನ್ನು ಬೋಧಿಸುತ್ತ ಕನ್ನಡವನ್ನು ಬೆಳೆಸಿದ ಪರಂಪರೆಗೆ ಸೇರಿದವರು. ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಬಾಯಿಮಾತಿನ ಅಭ್ಯಾಸದಿಂದ ರೂಢಿಗೊಳಿಸುವ ಕ್ರಮ ಶಾಲೆಗಳಿಗೆ ಇಳಿಯಿತು. ಆದರೆ ಪಾಮರನಲ್ಲಿ ಕ್ರಿಯೆಯಾಗಿದ್ದದ್ದು, ನೂರು ಮಕ್ಕಳು ಕಿಕ್ಕಿರಿದ ಕೊಠಡಿಯಲ್ಲಿ, ತರಬೇತಿ ಸಾಲದ ಅಧ್ಯಾಪಕನ ಕೈಯಲ್ಲಿ, ಮತ್ತೆ ಸಾಮೂಹಿಕ ಘೋಷವಾಗಿ ಪರಿಣಮಿಸಿತು. ಮೊದಲು ಮೂರು ರೂಪಗಳನ್ನು ಕೂಗುತ್ತಿದ್ದವರು ಈಗ ಮಾದರಿವಾಕ್ಯಗಳನ್ನು ಕೂಗಿದರು.

ಈ ಸ್ಥಿತಿಗೆ ಉತ್ತರವನ್ನು ಹುಡುಕಿದ ಪ್ರಯೋಗವೊಂದು ನಮ್ಮ ಬೆಂಗಳೂರಿನ ಹೆಸರನ್ನೇ ಹೊತ್ತು ಜಗತ್ತಿನ ಭಾಷಾಬೋಧಕರ ನಡುವೆ ಪ್ರಸಿದ್ಧವಾಗಿದೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ, ಪ್ರಾದೇಶಿಕ ಸಂಸ್ಥೆಯ ಸಹಕಾರದಿಂದ, 1979ರಿಂದ 1984ರವರೆಗೆ ದಕ್ಷಿಣಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅದು ನಡೆಯಿತು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ, ಪದಗಳ ಪಟ್ಟಿಯಿರಲಿಲ್ಲ, ಕ್ರಿಯಾಪದದ ರೂಪಗಳನ್ನು ಒಪ್ಪಿಸಬೇಕಾಗಿರಲಿಲ್ಲ. ರೈಲಿನ ವೇಳಾಪಟ್ಟಿಯನ್ನು ನೋಡಿ ಯಾವ ಗಾಡಿ ಹಿಡಿದರೆ ಊರನ್ನು ಬೇಗ ಸೇರಬಹುದೆಂದು ಲೆಕ್ಕ ಹಾಕುವುದು, ನಕ್ಷೆಯಲ್ಲಿ ದಾರಿ ಗುರುತಿಸುವುದು, ಹೇಳಿದಂತೆ ಆಕೃತಿಗಳನ್ನು ಬರೆಯುವುದು, ಇಂತಹ ಸಮಸ್ಯೆಗಳನ್ನು ಮಕ್ಕಳ ಮುಂದಿಟ್ಟು ಇಂಗ್ಲಿಷಿನಲ್ಲಿಯೇ ಬಿಡಿಸಿಸುತ್ತಿದ್ದರು. ಮನಸ್ಸು ಸಮಸ್ಯೆಯಲ್ಲಿ ತೊಡಗಿರುವಾಗ ಭಾಷೆ ಅರಿವಿಲ್ಲದೆ ಒಳಗಿಳಿಯುತ್ತದೆಂಬುದು ಪ್ರಭು ಅವರ ಸಿದ್ಧಾಂತ. ಹೊರಡುವ, ಮುಟ್ಟುವ, ತೆಗೆದುಕೊಳ್ಳುವ, ಇಡುವ, ತಿರುಗುವ ಮಾತುಗಳಿಲ್ಲದೆ ಅಂತಹ ಒಂದು ಸಮಸ್ಯೆಯನ್ನೂ ಬಿಡಿಸುವುದು ಸಾಧ್ಯವಿಲ್ಲವಾದ್ದರಿಂದ, ಢಾಕಾದಲ್ಲಿ ಎಣಿಸಿ ಆರಿಸಿದ, ಟೋಕಿಯೋದಲ್ಲಿ ವಿಂಗಡಿಸಿದ ಆ ಕಿರುಧಾತುಗಳು ಇಲ್ಲಿ ಯಾರೂ ಕರೆಯದೆ ತಾವಾಗಿ ಮಕ್ಕಳ ಕೆಲಸಕ್ಕೆ ಒದಗಿದವು. ಪ್ರಯೋಗದ ಫಲವನ್ನು ಅಳೆದ ತಜ್ಞರಲ್ಲಿ ಎಲ್ಲರೂ ಒಮ್ಮತಕ್ಕೆ ಬರಲಿಲ್ಲ. ಪ್ರಭು ಅವರು 1987ರಲ್ಲಿ ಅದರ ವೃತ್ತಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಮೇಲೆ ಅದನ್ನು ಕುರಿತ ಚರ್ಚೆ ದೇಶವಿದೇಶಗಳಿಗೆ ಹಬ್ಬಿತು. ನಮ್ಮ ಪಠ್ಯಪುಸ್ತಕಗಳನ್ನು ರಚಿಸುವವರು ಆ ಗ್ರಂಥವನ್ನೂ ವೆಸ್ಟನ ಪಟ್ಟಿಯನ್ನೂ ಒಟ್ಟಿಗೆ ಮುಂದಿಟ್ಟುಕೊಂಡು, ಹಾಕು, ಹಿಡಿ, ಬೀಳು ಎಂಬ ನಮ್ಮ ಧಾತುಗಳ ಬಹುಮುಖವಾದ ಬಾಳನ್ನು ಚೆನ್ನಾಗಿ ಬಲ್ಲ ಕನ್ನಡದ ಮಗುವಿಗೆ ತಕ್ಕ ಇಂಗ್ಲಿಷ್ ವಾಚಿಕೆಯೊಂದನ್ನು ಮೊದಲ ಪುಟದಿಂದ ಹೊಸದಾಗಿ ಕಟ್ಟುವ ಕೆಲಸ ಇನ್ನೂ ಬಾಕಿಯಿದೆ.